ರಾಮಾನುಜನ್ ಎಂಬ ಕ್ಷುದ್ರಗ್ರಹ

ಮನೆಯಲ್ಲಿ ಮಗು ಹುಟ್ಟಿದರೆ ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ ನಾಮಕರಣವಾಗುತ್ತದೆ. ಅಜ್ಜನ ಹೆಸರನ್ನೋ ಮನೆದೇವರ ಹೆಸರನ್ನೋ ಹಿರಿಯರು ಮೆಚ್ಚಿದ ಮಹಾಪುರುಷರ ಹೆಸರನ್ನೋ ತೊಟ್ಟಿಲಲ್ಲಿ ಮಲಗಿರುವ ಮಗುವಿಗೆ ಇಡುತ್ತಾರೆ. ಆ ಮಗು ಮುಂದೆ ಯಾವ ದಾರಿಯಲ್ಲಿ ನಡೆಯುವುದೆಂಬುದು ಆಗ ಯಾರಿಗೂ ತಿಳಿಯದು. ಹೆಸರು ಮೊದಲು, ನಡೆ ಆಮೇಲೆ. ಆಕಾಶದಲ್ಲಿ ಈ ಕ್ರಮ ತಿರುಗುಮುರುಗು. ಅಲ್ಲಿ ಹೊಸದಾಗಿ ಕಂಡುಬಂದ ಕ್ಷುದ್ರಗ್ರಹಕ್ಕೆ ಅದರ ದಾರಿ ಖಚಿತವಾಗಿ ತಿಳಿದ ಬಳಿಕವೇ ಹೆಸರು ದೊರೆಯುತ್ತದೆ. ನಡೆ ಮೊದಲು, ಹೆಸರು ಆಮೇಲೆ. ಈ ನಿಯಮ ಏಕೆ ಬಂದಿತು, ಭಾರತದ ನೆಲದಿಂದ ಕಂಡುಹಿಡಿಯಲಾದ ಒಂದು ಪುಟ್ಟ ಕಾಯಕ್ಕೆ ಗಣಿತಜ್ಞ ರಾಮಾನುಜನ್ನರ ಹೆಸರು ಹೇಗೆ ದೊರೆಯಿತು ಎಂಬುದು ಅರಿಯಬೇಕಾದ ವಿಷಯ.

ಮಂಗಳ ಮತ್ತು ಗುರು ಗ್ರಹಗಳ ಕಕ್ಷೆಗಳ ನಡುವೆ ವಿಶಾಲವಾದ ಅವಕಾಶವಿದೆ. ಅಲ್ಲಿ ಕಲ್ಲು ಮತ್ತು ಲೋಹಗಳಿಂದಾದ ಲಕ್ಷಾಂತರ ಸಣ್ಣ ಕಾಯಗಳು ಸೂರ್ಯನನ್ನು ಸುತ್ತುತ್ತಿವೆ. ಇವೇ ಕ್ಷುದ್ರಗ್ರಹಗಳು, ಇವು ನೆಲೆಸಿರುವ ವಲಯವೇ ಕ್ಷುದ್ರಗ್ರಹಗಳ ಮುಖ್ಯ ಪಟ್ಟಿ. ಇವುಗಳಲ್ಲೆಲ್ಲ ದೊಡ್ಡದಾದ ಸೀರೀಸ್‌ನ ವ್ಯಾಸ ಸುಮಾರು 940 ಕಿಲೋಮೀಟರ್. ಉಳಿದವುಗಳಲ್ಲಿ ಬಹುಪಾಲು ಕೆಲವೇ ಕಿಲೋಮೀಟರ್ ಅಗಲದ ಬಂಡೆಗಳು. ಪಟ್ಟಿಯಲ್ಲಿರುವ ಎಲ್ಲ ಕಾಯಗಳನ್ನೂ ಒಟ್ಟುಗೂಡಿಸಿದರೂ ನಮ್ಮ ಚಂದ್ರನಷ್ಟು ದ್ರವ್ಯ ದೊರಕುವುದಿಲ್ಲ. ಸೌರಮಂಡಲ ರೂಪುಗೊಂಡ ಕಾಲದಲ್ಲಿ ಗುರುಗ್ರಹದ ಪ್ರಬಲ ಆಕರ್ಷಣೆಯಿಂದಾಗಿ ಒಂದು ಗ್ರಹವಾಗಿ ಕೂಡಿಕೊಳ್ಳಲಾರದೆ ಉಳಿದ ತುಣುಕುಗಳು ಇವು ಎಂದು ವಿಜ್ಞಾನಿಗಳು ತಿಳಿಯುತ್ತಾರೆ. ಆದುದರಿಂದಲೇ ಇವುಗಳ ಅಧ್ಯಯನಕ್ಕೆ ಮಹತ್ತ್ವವಿದೆ.

ಈ ಪಟ್ಟಿಯ ಮೊದಲ ಸದಸ್ಯ ಕಂಡುಬಂದುದು 1801ರ ಜನವರಿ 1ರಂದು. ಇಟಲಿಗೆ ಸೇರಿದ ಸಿಸಿಲಿ ದ್ವೀಪದ ಪಲೆರ್ಮೊ ನಗರದಲ್ಲಿ ಜುಸೆಪ್ಪೆ ಪಿಯಾಟ್ಸಿ ಎಂಬ ಪಾದ್ರಿ ನಕ್ಷತ್ರಗಳ ಪಟ್ಟಿಯನ್ನು ಸಿದ್ಧಪಡಿಸುತ್ತಿದ್ದನು. ಅಂದು ಕಂಡ ಒಂದು ಮಂದವಾದ ಚುಕ್ಕೆ ಮರುದಿನ ರಾತ್ರಿ ತುಸು ಸರಿದಿತ್ತು. ನಕ್ಷತ್ರಗಳು ಹೀಗೆ ಸ್ಥಾನ ಬದಲಿಸುವುದಿಲ್ಲ. ಪಿಯಾಟ್ಸಿಯು ಸುಮಾರು ನಲವತ್ತು ದಿನ ಅದನ್ನು ಗಮನಿಸಿದನು. ಆಮೇಲೆ ಅವನು ಕಾಯಿಲೆ ಬಿದ್ದನು. ಅಷ್ಟರಲ್ಲಿ ಆ ಚುಕ್ಕೆಯೂ ಸೂರ್ಯನ ಪ್ರಭೆಯಲ್ಲಿ ಮರೆಯಾಯಿತು. ಸಿಸಿಲಿಯ ಧಾನ್ಯದೇವತೆಯಾದ ಸೀರೀಸಳ ಹೆಸರಿನೊಡನೆ ತನ್ನ ಅರಸ ಫರ್ಡಿನಾಂಡನ ಹೆಸರನ್ನೂ ಸೇರಿಸಿ ಅವನು ಆ ಕಾಯಕ್ಕೆ ಇಟ್ಟನು. ಹೆಸರೇನೋ ಇತ್ತು, ಆದರೆ ಹೆಸರು ಹೊತ್ತ ಕಾಯವೇ ಕಳೆದುಹೋಗಿತ್ತು. ಸೂರ್ಯನ ಇನ್ನೊಂದು ಬದಿಗೆ ಬಂದಾಗ ಅದನ್ನು ಎಲ್ಲಿ ಹುಡುಕಬೇಕೆಂಬುದು ಯಾರಿಗೂ ತಿಳಿಯಲಿಲ್ಲ.

ಆಗ ನೆರವಾದುದು ದೂರದರ್ಶಕವಲ್ಲ, ಗಣಿತ. ಇಪ್ಪತ್ತನಾಲ್ಕು ವರ್ಷ ವಯಸ್ಸಿನ ಕಾರ್ಲ್ ಫ್ರೀಡ್ರಿಶ್ ಗೌಸ್ ಎಂಬ ಜರ್ಮನಿಯ ಯುವಕನು ಕೆಲವೇ ವೀಕ್ಷಣೆಗಳಿಂದ ಕಕ್ಷೆಯನ್ನು ಲೆಕ್ಕಹಾಕುವ ಹೊಸ ವಿಧಾನವನ್ನು ರೂಪಿಸಿದನು. ಅವನು ಸೂಚಿಸಿದ ಸ್ಥಾನದ ಹತ್ತಿರದಲ್ಲೇ, ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ, ಸೀರೀಸ್ ಮತ್ತೆ ಕಾಣಿಸಿಕೊಂಡಿತು. ಅರಸನ ಹೆಸರು ಬೇರೆ ದೇಶದವರಿಗೆ ಒಪ್ಪಿಗೆಯಾಗದೆ ಬಿದ್ದುಹೋಯಿತು. ಸೀರೀಸ್ ಎಂಬುದಷ್ಟೇ ಉಳಿಯಿತು. ಈ ಪ್ರಸಂಗದಿಂದ ಖಗೋಳ ವಿಜ್ಞಾನಿಗಳು ಎರಡು ಪಾಠಗಳನ್ನು ಕಲಿತರು. ಒಂದು, ಕಂಡರೆ ಸಾಲದು, ಮತ್ತೆ ಕಾಣಲು ಬೇಕಾದಷ್ಟು ತಿಳಿಯಬೇಕು. ಇನ್ನೊಂದು, ಆಕಾಶದ ಕಾಯ ಯಾವ ಒಬ್ಬ ಅರಸನ ಸ್ವತ್ತೂ ಅಲ್ಲ. ಮುಂದೆ ಕ್ಷುದ್ರಗ್ರಹಗಳ ಸಂಖ್ಯೆ ಸಾವಿರವನ್ನು ತಲುಪಿದಾಗ 1000ನೆಯದಕ್ಕೆ ‘ಪಿಯಾಟ್ಸಿಯಾ’ ಎಂದೂ 1001ನೆಯದಕ್ಕೆ ‘ಗೌಸಿಯಾ’ ಎಂದೂ ಹೆಸರಿಟ್ಟು, ಕಂಡವನನ್ನೂ ಲೆಕ್ಕ ಮಾಡಿದವನನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಲಾಯಿತು. 2006ರಲ್ಲಿ ಸೀರೀಸನ್ನು ಕುಬ್ಜಗ್ರಹಗಳ ವರ್ಗಕ್ಕೆ ಸೇರಿಸಲಾಯಿತಾದರೂ ಪಟ್ಟಿಯಲ್ಲಿ ಅದರ ಮೊದಲನೆಯ ಸಂಖ್ಯೆ ಹಾಗೆಯೇ ಉಳಿದಿದೆ.

ಭಾರತವು ಈ ಕಥೆಯನ್ನು ಪ್ರವೇಶಿಸುವುದು 1861ರಲ್ಲಿ. ಮದರಾಸಿನ ನುಂಗಂಬಾಕ್ಕಂನಲ್ಲಿ ಈಸ್ಟ್ ಇಂಡಿಯಾ ಕಂಪನಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸ್ಥಾಪಿಸಿದ್ದ ವೀಕ್ಷಣಾಲಯವೊಂದಿತ್ತು. ಅದರ ಮುಖ್ಯಸ್ಥನಾಗಿ ನಾರ್ಮನ್ ಪೋಗ್ಸನ್ ಎಂಬ ಇಂಗ್ಲೆಂಡಿನ ಖಗೋಳಜ್ಞನು ಆ ವರ್ಷ ಬಂದನು. ನಕ್ಷತ್ರಗಳ ಕಾಂತಿಯನ್ನು ಅಳೆಯಲು ಇಂದಿಗೂ ಬಳಕೆಯಲ್ಲಿರುವ ಮಾನವನ್ನು ಸೂಚಿಸಿದವನು ಅವನೇ. 1861ರ ಏಪ್ರಿಲ್ 17ರಂದು ಅವನಿಗೆ ಹೊಸ ಕ್ಷುದ್ರಗ್ರಹವೊಂದು ಕಂಡಿತು. ಏಷ್ಯಾ ಖಂಡದ ನೆಲದಿಂದ ಕಂಡುಹಿಡಿಯಲಾದ ಮೊಟ್ಟಮೊದಲ ಕ್ಷುದ್ರಗ್ರಹವದು. ಆದುದರಿಂದ ಅದಕ್ಕೆ ‘ಏಷ್ಯಾ’ ಎಂದೇ ಹೆಸರಿಡಲಾಯಿತು. ಗ್ರೀಕ್ ಪುರಾಣದಲ್ಲಿ ಏಷ್ಯಾ ಎಂಬ ಹೆಸರಿನ ಒಬ್ಬ ಜಲದೇವತೆಯೂ ಇದ್ದುದರಿಂದ, ಪುರಾಣಗಳಿಂದ ಹೆಸರನ್ನು ಆರಿಸುವ ಅಂದಿನ ಸಂಪ್ರದಾಯಕ್ಕೂ ಅದು ಹೊಂದಿತು. ಅದರ ಸಂಖ್ಯೆ 67.

ಛಾಯಾಚಿತ್ರಗಳು ಇನ್ನೂ ಈ ಕೆಲಸಕ್ಕೆ ಬಾರದಿದ್ದ ಕಾಲವದು. ವೀಕ್ಷಕನು ನಕ್ಷತ್ರಗಳ ನಕಾಶೆಯನ್ನು ಮುಂದಿಟ್ಟುಕೊಂಡು ದೂರದರ್ಶಕದಲ್ಲಿ ಕಾಣುವ ಒಂದೊಂದು ಚುಕ್ಕೆಯನ್ನೂ ಅದರೊಡನೆ ಹೋಲಿಸಿ ನೋಡಬೇಕಾಗಿತ್ತು. ನಕಾಶೆಯಲ್ಲಿ ಇಲ್ಲದ ಚುಕ್ಕೆ ಕಂಡರೆ ಮರುರಾತ್ರಿ ಅದು ಸರಿದಿದೆಯೇ ಎಂದು ಪರೀಕ್ಷಿಸಬೇಕಾಗಿತ್ತು. ಹೀಗೆ ಮದರಾಸಿನಿಂದ 1864ರಲ್ಲಿ ‘ಸ್ಯಾಫೊ’, 1866ರಲ್ಲಿ ‘ಸಿಲ್ವಿಯಾ’, 1868ರಲ್ಲಿ ‘ಕಮಿಲಾ’, 1885ರಲ್ಲಿ ‘ವೆರಾ’ ಕಂಡುಬಂದವು. ಇವುಗಳಲ್ಲಿ ಸಿಲ್ವಿಯಾ ಮುಂದೆ ಇನ್ನೊಂದು ಕಾರಣಕ್ಕೆ ಹೆಸರಾಯಿತು. ಅದನ್ನು ಸುತ್ತುವ ಎರಡು ಪುಟ್ಟ ಚಂದ್ರರಿರುವುದು 2005ರಲ್ಲಿ ಪ್ರಕಟವಾಯಿತು. ಎರಡು ಚಂದ್ರರಿರುವ ಕ್ಷುದ್ರಗ್ರಹವೊಂದು ತಿಳಿದುಬಂದುದು ಅದೇ ಮೊದಲು. ರೋಮನ್ನರ ಪುರಾಣದಲ್ಲಿ ರಿಯಾ ಸಿಲ್ವಿಯಾ ಎಂಬವಳು ರೋಮ್ಯುಲಸ್ ಮತ್ತು ರೀಮಸ್ ಎಂಬ ಅವಳಿಗಳ ತಾಯಿ. ಆದುದರಿಂದ ಆ ಚಂದ್ರರಿಗೆ ಅವಳ ಮಕ್ಕಳ ಹೆಸರುಗಳನ್ನೇ ಇಡಲಾಯಿತು.

ಮದರಾಸಿನ ವೀಕ್ಷಣಾಲಯದಲ್ಲಿ ಪೋಗ್ಸನ್ನನ ಸಹಾಯಕರಾಗಿ ದುಡಿದವರಲ್ಲಿ ಚಿಂತಾಮಣಿ ರಘುನಾಥಾಚಾರ್ಯರು ಪ್ರಮುಖರು. ಎಳೆಯ ವಯಸ್ಸಿನಲ್ಲೇ ಅಲ್ಲಿ ಸೇರಿದ ಅವರು ತಮ್ಮ ಪರಿಶ್ರಮದಿಂದ ಮೇಲೆ ಬಂದರು. ಕಾಂತಿ ಹೆಚ್ಚು ಕಡಿಮೆಯಾಗುವ ನಕ್ಷತ್ರವೊಂದನ್ನು ಅವರು 1867ರಲ್ಲಿ ಗುರುತಿಸಿದರು. ಲಂಡನ್ನಿನ ರಾಯಲ್ ಖಗೋಳ ಸಂಘವು ಅವರನ್ನು ತನ್ನ ಸದಸ್ಯರನ್ನಾಗಿ ಚುನಾಯಿಸಿತು. 1874ರ ಡಿಸೆಂಬರಿನಲ್ಲಿ ಶುಕ್ರಗ್ರಹವು ಸೂರ್ಯಬಿಂಬದ ಮೇಲೆ ಹಾದುಹೋಗುವ ಅಪರೂಪದ ಘಟನೆ ನಡೆಯುವುದಿತ್ತು. ಜನಸಾಮಾನ್ಯರಿಗೆ ಅದರ ಮಹತ್ತ್ವ ತಿಳಿಯಲೆಂದು ರಘುನಾಥಾಚಾರ್ಯರು ಒಂದು ಕಿರುಹೊತ್ತಗೆಯನ್ನು ಬರೆದರು. ಅದು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಪ್ರಕಟವಾಯಿತು. ವಿಜ್ಞಾನ ಇಂಗ್ಲಿಷಿನಲ್ಲಿ ಮಾತ್ರ ಇರಬೇಕೆಂದು ಭಾವಿಸಿದ್ದ ಕಾಲದಲ್ಲಿ, ದೂರದರ್ಶಕದ ಬಳಿ ದುಡಿದ ಭಾರತೀಯನೊಬ್ಬ ತಾನು ಕಂಡುದನ್ನು ನಾಡಭಾಷೆಗಳಲ್ಲಿ ಹಂಚಲು ಯತ್ನಿಸಿದುದು ಸ್ಮರಣೀಯ.

1891ರಲ್ಲಿ ಪೋಗ್ಸನ್ ತೀರಿಕೊಂಡನು. 1899ರಲ್ಲಿ ವೀಕ್ಷಣಾಲಯದ ಮುಖ್ಯ ಕಾರ್ಯ ಕೊಡೈಕೆನಾಲಿನ ಬೆಟ್ಟಕ್ಕೆ ಸ್ಥಳಾಂತರಗೊಂಡಿತು. ಅಲ್ಲಿ ಅಧ್ಯಯನದ ವಸ್ತು ಸೂರ್ಯ. ಕ್ಷುದ್ರಗ್ರಹಗಳ ಶೋಧ ನಿಂತುಹೋಯಿತು. ಸ್ವಾತಂತ್ರ್ಯಾನಂತರ ವೇಣು ಬಪ್ಪು ಅವರು ಕೊಡೈಕೆನಾಲಿನ ನಿರ್ದೇಶಕರಾಗಿ ಬಂದಮೇಲೆ ರಾತ್ರಿಯ ಆಕಾಶವನ್ನು ನೋಡಲು ತಕ್ಕ ಸ್ಥಳವನ್ನು ಹುಡುಕಿದರು. ತಮಿಳುನಾಡಿನ ಜವ್ವಾದಿ ಬೆಟ್ಟಗಳ ನಡುವಿನ ಕಾವಲೂರು ಎಂಬ ಹಳ್ಳಿ ಅವರಿಗೆ ಮೆಚ್ಚಿಗೆಯಾಯಿತು. ಊರ ದೀಪಗಳ ಬೆಳಕಿಲ್ಲದ ಆ ಕಾಡಿನ ನಡುವೆ 1968ರಲ್ಲಿ ಒಂದು ಚಿಕ್ಕ ದೂರದರ್ಶಕ ಕೆಲಸ ಪ್ರಾರಂಭಿಸಿತು. 1971ರಲ್ಲಿ ಭಾರತೀಯ ಖಭೌತ ಸಂಸ್ಥೆ ಸ್ವಾಯತ್ತ ಸಂಸ್ಥೆಯಾಯಿತು. ಅದರ ಕೇಂದ್ರ ಇರುವುದು ನಮ್ಮ ಬೆಂಗಳೂರಿನ ಕೋರಮಂಗಲದಲ್ಲಿ. ಮದರಾಸಿನ ಹಳೆಯ ವೀಕ್ಷಣಾಲಯದ ಪರಂಪರೆ ಹೀಗೆ ಕೊಡೈಕೆನಾಲನ್ನು ಹಾದು ಬೆಂಗಳೂರಿಗೆ ಬಂದು ಸೇರಿತು. ಬಪ್ಪು ಅವರು 1982ರಲ್ಲಿ ನಿಧನರಾದರು. 1986ರಲ್ಲಿ ಕಾವಲೂರಿನ ವೀಕ್ಷಣಾಲಯಕ್ಕೂ ಅಲ್ಲಿನ ದೊಡ್ಡ ದೂರದರ್ಶಕಕ್ಕೂ ಅವರ ಹೆಸರನ್ನು ಇಡಲಾಯಿತು. ದಕ್ಷಿಣ ಅಮೆರಿಕದ ಚಿಲಿ ದೇಶದಿಂದ 1979ರಲ್ಲಿ ಕಂಡುಹಿಡಿಯಲಾದ 2596ನೆಯ ಕ್ಷುದ್ರಗ್ರಹವೂ ಅವರ ಹೆಸರನ್ನೇ ಹೊತ್ತಿದೆ.

ಕಾವಲೂರಿನಲ್ಲಿ ಶ್ಮಿಟ್ ಮಾದರಿಯ ಒಂದು ದೂರದರ್ಶಕವಿತ್ತು. ಅದರ ಅಗಲ ಅರ್ಧ ಮೀಟರಿಗಿಂತ ಸ್ವಲ್ಪ ಕಡಿಮೆ. ದೊಡ್ಡ ದೂರದರ್ಶಕಗಳು ಆಕಾಶದ ಅತಿ ಸಣ್ಣ ಭಾಗವನ್ನು ಆಳವಾಗಿ ನೋಡುತ್ತವೆ; ಶ್ಮಿಟ್ ದೂರದರ್ಶಕವಾದರೋ ಆಕಾಶದ ವಿಶಾಲ ಭಾಗವನ್ನು ಒಮ್ಮೆಗೇ ಸೆರೆಹಿಡಿಯುತ್ತದೆ. ಎಲ್ಲಿದೆಯೆಂದು ತಿಳಿಯದ ವಸ್ತುವನ್ನು ಹುಡುಕುವವನಿಗೆ ಬೇಕಾದುದು ಇಂಥ ನೋಟವೇ. ಇದನ್ನು ಬಳಸಿ ಕ್ಷುದ್ರಗ್ರಹಗಳನ್ನೂ ಧೂಮಕೇತುಗಳನ್ನೂ ಹುಡುಕುವ ಯೋಜನೆಯೊಂದನ್ನು ವಿಜ್ಞಾನಿ ಆರ್. ರಾಜಮೋಹನ್ ಮತ್ತು ಅವರ ಸಂಗಡಿಗರು ಕೈಗೊಂಡರು. ಯೋಜನೆಗೆ ‘ಕಲ್ಕಿ’ ಎಂದು ಹೆಸರಿಟ್ಟರು.

ಶೋಧದ ವಿಧಾನ ಹೇಳಲು ಸರಳ, ಮಾಡಲು ಕಠಿಣ. ಆಕಾಶದ ಒಂದೇ ಭಾಗವನ್ನು ಸ್ವಲ್ಪ ಕಾಲದ ಅಂತರದಲ್ಲಿ ಎರಡು ಬಾರಿ ಛಾಯಾಚಿತ್ರ ತೆಗೆಯಬೇಕು. ನಕ್ಷತ್ರಗಳು ಎರಡರಲ್ಲಿಯೂ ಒಂದೇ ಸ್ಥಾನದಲ್ಲಿರುತ್ತವೆ; ಕ್ಷುದ್ರಗ್ರಹ ಮಾತ್ರ ಕೊಂಚ ಸರಿದಿರುತ್ತದೆ. ಸಾವಿರಾರು ಚುಕ್ಕೆಗಳ ನಡುವೆ ಆ ಒಂದು ಚುಕ್ಕೆಯನ್ನು ಗುರುತಿಸಬೇಕು. ಗುರುತಿಸಿದ ಮೇಲೆ ಅದು ಮೊದಲೇ ತಿಳಿದಿರುವ ಕಾಯವಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬೆಳುದಿಂಗಳು, ಮೋಡ, ಮಂಜುಗಳು ಎಷ್ಟೋ ರಾತ್ರಿಗಳನ್ನು ಕಸಿದುಕೊಳ್ಳುತ್ತವೆ. ಇಂಥ ಕಾಯುವಿಕೆಯ ನಡುವೆ 1988ರ ಫೆಬ್ರುವರಿ 17ರಂದು ಕಾವಲೂರಿನಲ್ಲಿ ಸೆರೆಸಿಕ್ಕಿದ ಚುಕ್ಕೆಯೇ ನಮ್ಮ ಪಾಠದ ನಾಯಕ.

ಅದಕ್ಕೆ ಆಗ ಹೆಸರಿರಲಿಲ್ಲ. ‘1988 ಡಿಕ್ಯೂ1’ ಎಂಬ ತಾತ್ಕಾಲಿಕ ಗುರುತು ಮಾತ್ರ ದೊರೆಯಿತು. ಈ ಗುರುತಿನಲ್ಲಿ ಒಂದು ಲೆಕ್ಕ ಅಡಗಿದೆ. ವರ್ಷದ ಪ್ರತಿಯೊಂದು ತಿಂಗಳನ್ನೂ ಎರಡು ಭಾಗಗಳಾಗಿ ಮಾಡಿ, ಇಪ್ಪತ್ತನಾಲ್ಕು ಭಾಗಗಳಿಗೆ ಇಂಗ್ಲಿಷ್ ವರ್ಣಮಾಲೆಯ ಅಕ್ಷರಗಳನ್ನು ಕ್ರಮವಾಗಿ ಕೊಟ್ಟಿದ್ದಾರೆ. ಜನವರಿಗೆ ‘ಎ’ ಮತ್ತು ‘ಬಿ’, ಫೆಬ್ರುವರಿಗೆ ‘ಸಿ’ ಮತ್ತು ‘ಡಿ’. ಆದುದರಿಂದ ‘ಡಿ’ ಎಂದರೆ ಫೆಬ್ರುವರಿಯ ಉತ್ತರಾರ್ಧ. ಎರಡನೆಯ ಅಕ್ಷರ ಆ ಅವಧಿಯಲ್ಲಿ ಅದು ಎಷ್ಟನೆಯ ಶೋಧವೆಂಬುದನ್ನು ಸೂಚಿಸುತ್ತದೆ. ಒಂದರ ಅಂಕಿಯಂತೆ ಕಾಣುವ ‘ಐ’ ಅಕ್ಷರವನ್ನು ಬಿಟ್ಟರೆ ಇಪ್ಪತ್ತೈದು ಅಕ್ಷರಗಳು ಉಳಿಯುತ್ತವೆ. ಅವೆಲ್ಲ ಒಮ್ಮೆ ಮುಗಿದವೆಂಬುದನ್ನು ಕೊನೆಯ 1 ಹೇಳುತ್ತದೆ. ‘ಕ್ಯೂ’ ಹದಿನಾರನೆಯ ಅಕ್ಷರ. ಇಪ್ಪತ್ತೈದಕ್ಕೆ ಹದಿನಾರನ್ನು ಕೂಡಿದರೆ ನಲವತ್ತೊಂದು. ಎಂದರೆ, 1988ರ ಫೆಬ್ರುವರಿ ಉತ್ತರಾರ್ಧದ ಪಟ್ಟಿಯಲ್ಲಿ ಇದು ನಲವತ್ತೊಂದನೆಯದು.

ಗುರುತು ದೊರೆತ ಮಾತ್ರಕ್ಕೆ ಕೆಲಸ ಮುಗಿಯದು. ಸೀರೀಸ್ ಕಲಿಸಿದ ಪಾಠ ಇಲ್ಲಿ ನೆನಪಾಗಬೇಕು. ಭೂಮಿಯು ಸೂರ್ಯನಿಗೂ ಆ ಕಾಯಕ್ಕೂ ನಡುವೆ ಬರುವಾಗ ಅದು ಚೆನ್ನಾಗಿ ಕಾಣುತ್ತದೆ. ಮುಖ್ಯ ಪಟ್ಟಿಯ ಕಾಯವೊಂದರ ವಿಷಯದಲ್ಲಿ ಇಂಥ ಅವಕಾಶ ಒದಗುವುದು ವರ್ಷಕ್ಕಿಂತ ಹೆಚ್ಚು ಕಾಲಕ್ಕೊಮ್ಮೆ. ಸಾಮಾನ್ಯವಾಗಿ ನಾಲ್ಕು ಬಾರಿಯಾದರೂ ಹೀಗೆ ಕಂಡು, ಲೆಕ್ಕಹಾಕಿದ ಕಕ್ಷೆ ಸರಿಯಾಗಿದೆಯೆಂದು ರುಜುವಾತಾದ ಬಳಿಕ ಅದಕ್ಕೆ ಶಾಶ್ವತ ಸಂಖ್ಯೆ ದೊರೆಯುತ್ತದೆ. ಹಳೆಯ ಛಾಯಾಚಿತ್ರಗಳಲ್ಲಿ ಅದೇ ಕಾಯ ಮೊದಲೇ ಮೂಡಿದ್ದರೆ ಕಾಯುವ ಕಾಲ ಕಡಿಮೆಯಾಗುತ್ತದೆ. ಇನ್ನೆಂದೂ ಕಳೆದುಹೋಗದು ಎಂಬ ಭರವಸೆಯೇ ಈ ಸಂಖ್ಯೆಯ ಅರ್ಥ. ‘1988 ಡಿಕ್ಯೂ1’ ಪಡೆದ ಸಂಖ್ಯೆ 4130.

ಸಂಖ್ಯೆ ಬಂದ ಮೇಲೆ ಹೆಸರನ್ನು ಸೂಚಿಸುವ ಹಕ್ಕು ಕಂಡುಹಿಡಿದವರದು. ಈ ಹಕ್ಕು ಹತ್ತು ವರ್ಷಗಳವರೆಗೆ ಇರುತ್ತದೆ. ಆದರೆ ಸೂಚಿಸಿದ ಹೆಸರನ್ನು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಮಿತಿಯೊಂದು ಒಪ್ಪಬೇಕು. ಹೆಸರು ಹದಿನಾರು ಅಕ್ಷರಗಳನ್ನು ಮೀರಬಾರದು, ಉಚ್ಚರಿಸಲು ಬರುವಂತಿರಬೇಕು, ಯಾರ ಮನಸ್ಸನ್ನೂ ನೋಯಿಸಬಾರದು, ಈಗಾಗಲೇ ಇರುವ ಹೆಸರನ್ನು ಹೋಲಬಾರದು. ರಾಜಕೀಯದಿಂದಲೋ ಯುದ್ಧದಿಂದಲೋ ಪ್ರಸಿದ್ಧರಾದವರ ಹೆಸರನ್ನು ಅವರು ತೀರಿಕೊಂಡು ನೂರು ವರ್ಷ ಕಳೆಯುವವರೆಗೆ ಇಡುವಂತಿಲ್ಲ. ವ್ಯಾಪಾರದ ಹೆಸರುಗಳಿಗೆ ಅವಕಾಶವಿಲ್ಲ. ಒಬ್ಬ ಖಗೋಳಜ್ಞನು ತನ್ನ ಮುದ್ದಿನ ಬೆಕ್ಕಿನ ಹೆಸರನ್ನು ಒಂದು ಕ್ಷುದ್ರಗ್ರಹಕ್ಕೆ ಇಟ್ಟುದರಿಂದ ಆಕ್ಷೇಪಗಳು ಎದ್ದು, ಸಾಕುಪ್ರಾಣಿಗಳ ಹೆಸರನ್ನು ಇಡದಿರುವುದು ಲೇಸೆಂಬ ಸೂಚನೆಯೂ ಬಂದಿತು. ಹಣ ಕೊಟ್ಟು ಈ ಗೌರವವನ್ನು ಕೊಳ್ಳಲು ಯಾರಿಗೂ ಸಾಧ್ಯವಿಲ್ಲ.

ರಾಜಮೋಹನ್ ಅವರ ಶೋಧಕ್ಕೆ ‘ರಾಮಾನುಜನ್’ ಎಂಬ ಹೆಸರು ಬಂದಿತು. ಈರೋಡಿನಲ್ಲಿ 1887ರ ಡಿಸೆಂಬರ್ 22ರಂದು ಜನಿಸಿ, ಕುಂಭಕೋಣದಲ್ಲಿ ಬಡತನದಲ್ಲಿ ಬೆಳೆದು, ಮದರಾಸು ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದುಕೊಂಡೇ ಗಣಿತದ ಹೊಸ ಸತ್ಯಗಳನ್ನು ಕಂಡ ಶ್ರೀನಿವಾಸ ರಾಮಾನುಜನ್ನರು 1914ರಲ್ಲಿ ಕೇಂಬ್ರಿಜ್‌ಗೆ ಹೋಗಿ, 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾಗಿ, 1920ರಲ್ಲಿ ಮೂವತ್ತೆರಡನೆಯ ವಯಸ್ಸಿನಲ್ಲಿ ಕಣ್ಮುಚ್ಚಿದರು. ಅವರ ಜನ್ಮಶತಾಬ್ದಿ ಕಳೆದು ಎರಡು ತಿಂಗಳು ತುಂಬುವ ಮೊದಲೇ ಈ ಕ್ಷುದ್ರಗ್ರಹ ಕಂಡುಬಂದಿತ್ತು. ಕಳೆದುಹೋದ ಮೊದಲ ಕ್ಷುದ್ರಗ್ರಹವನ್ನು ಮರಳಿ ತಂದುದು ಗಣಿತ. ಭಾರತದ ಗಣಿತಜ್ಞನೊಬ್ಬನ ಹೆಸರು ಆ ಕುಲಕ್ಕೆ ಸೇರಿದುದು ಉಚಿತವೇ ಆಗಿದೆ. ಮದರಾಸಿನಿಂದ ‘ವೆರಾ’ ಕಂಡ 1885ರ ಬಳಿಕ ನೂರಕ್ಕೂ ಹೆಚ್ಚು ವರ್ಷ ತಡೆದುನಿಂತಿದ್ದ ಕೆಲಸ ಕಾವಲೂರಿನಲ್ಲಿ ಮುಂದುವರಿಯಿತು. ಅಂದು ವಿದೇಶೀಯನ ಕೈಕೆಳಗೆ ನಮ್ಮವರು ಸಹಾಯಕರಾಗಿದ್ದರು. ಈ ಬಾರಿ ಹುಡುಕಿದವರೂ ಹೆಸರನ್ನು ಆರಿಸಿದವರೂ ನಮ್ಮವರೇ.

ಕಾವಲೂರಿನಲ್ಲಿ 1988ರಲ್ಲೇ ಕಂಡ ಇನ್ನೆರಡು ಕ್ಷುದ್ರಗ್ರಹಗಳು ಈ ನಿಯಮದ ಸ್ವರೂಪವನ್ನು ಚೆನ್ನಾಗಿ ತೋರಿಸುತ್ತವೆ. ಜನವರಿಯಲ್ಲಿ ಕಂಡುದಕ್ಕೆ ಬಪ್ಪು ಅವರ ನಂತರ ಸಂಸ್ಥೆಯನ್ನು ನಡೆಸಿದ ಜೆ. ಸಿ. ಭಟ್ಟಾಚಾರ್ಯರ ಹೆಸರು ಬಂದಿತು. ಫೆಬ್ರುವರಿಯ ಮೊದಲಲ್ಲಿ ಕಂಡುದಕ್ಕೆ ಭೌತವಿಜ್ಞಾನಿ ಎಂ. ಜಿ. ಕೆ. ಮೆನನ್ನರ ಗೌರವಾರ್ಥವಾಗಿ ‘ಗೋಕುಮೆನನ್’ ಎಂದು ಹೆಸರಾಯಿತು. ಇವೆರಡೂ ರಾಮಾನುಜನ್‌ಗಿಂತ ಮೊದಲೇ ಕಂಡವು. ಆದರೂ ಅವುಗಳ ಸಂಖ್ಯೆ 8348 ಮತ್ತು 7564. ಮೊದಲು ಕಂಡುದಕ್ಕೆ ಮೊದಲ ಸಂಖ್ಯೆಯಲ್ಲ. ದಾರಿ ಮೊದಲು ಖಚಿತವಾದುದಕ್ಕೆ ಮೊದಲ ಸಂಖ್ಯೆ. ಇಲ್ಲಿ ಆತುರಕ್ಕೆ ಬೆಲೆಯಿಲ್ಲ.

ಇಂದು ಛಾಯಾಫಲಕಗಳ ಕಾಲ ಮುಗಿದಿದೆ. ಗಣಕಯಂತ್ರಗಳು ಆಕಾಶದ ಚಿತ್ರಗಳನ್ನು ತಾವೇ ಹೋಲಿಸಿ ನೋಡುತ್ತವೆ. ತಿಳಿದಿರುವ ಕ್ಷುದ್ರಗ್ರಹಗಳ ಸಂಖ್ಯೆ ಹತ್ತು ಲಕ್ಷವನ್ನು ಮೀರಿದೆ. ಅವುಗಳಲ್ಲಿ ಹೆಸರು ಪಡೆದವು ಒಂದು ಸಣ್ಣ ಪಾಲು ಮಾತ್ರ. ವಿಜ್ಞಾನ ಸ್ಪರ್ಧೆಗಳಲ್ಲಿ ಉತ್ತಮ ಸಂಶೋಧನೆ ಮಾಡಿ ತೋರಿಸಿದ ಶಾಲಾ ವಿದ್ಯಾರ್ಥಿಗಳ ಹೆಸರುಗಳೂ ಅವುಗಳಲ್ಲಿ ಸೇರಿವೆ. ಭಾರತದ ಮಕ್ಕಳ ಹೆಸರುಗಳೂ ಅಲ್ಲಿವೆ.

4130 ರಾಮಾನುಜನ್ ಬರಿಗಣ್ಣಿಗೆ ಕಾಣುವುದಿಲ್ಲ. ಒಳ್ಳೆಯ ದೂರದರ್ಶಕದಲ್ಲಿಯೂ ಅದು ಒಂದು ಮಸುಕಾದ ಚುಕ್ಕೆಯಷ್ಟೆ. ಆದರೆ ಇಂದಿನಿಂದ ಐವತ್ತು ವರ್ಷಗಳ ಬಳಿಕ ಒಂದು ರಾತ್ರಿ ಅದು ಎಲ್ಲಿರುವುದೆಂದು ಕೇಳಿದರೆ ಲೆಕ್ಕಹಾಕಿ ಹೇಳಬಹುದು. ಅಲ್ಲಿ ನೋಡಿದರೆ ಅದು ಕಾಣುತ್ತದೆ. ಅದರ ಹೆಸರಿನ ಹಿಂದಿರುವ ಬಲ ಇದೇ. ನಿದ್ದೆಗೆಟ್ಟ ರಾತ್ರಿಗಳು, ತಪ್ಪದ ಅಳತೆ, ತಾಳ್ಮೆಯ ಗಣಿತ ಇವು ಮೂರೂ ಕೂಡಿ ಸಂಪಾದಿಸಿಕೊಟ್ಟ ಹೆಸರದು. ಹೆಸರು ಪಡೆಯಬೇಕೆಂದು ಬಯಸುವವರೆಲ್ಲ ಮೊದಲು ತಮ್ಮ ದಾರಿಯನ್ನು ಸ್ಥಿರಪಡಿಸಿಕೊಳ್ಳಬೇಕೆಂಬುದನ್ನು ಆ ಪುಟ್ಟ ಬಂಡೆ ಮೌನವಾಗಿ ಸಾರುತ್ತಿದೆ.

ಪದಗಳ ಅರ್ಥ

ಕ್ಷುದ್ರ – ಸಣ್ಣ, ಅಲ್ಪ. ಕಕ್ಷೆ – ಗ್ರಹ ಮುಂತಾದವು ಸುತ್ತುವ ದಾರಿ. ಕಾಂತಿ – ಹೊಳಪು. ಕುಬ್ಜ – ಗಿಡ್ಡ. ಪ್ರಭೆ – ಬೆಳಕು. ರುಜುವಾತು – ಸಾಬೀತು. ಸ್ವಾಯತ್ತ – ತನ್ನ ಆಡಳಿತವನ್ನು ತಾನೇ ನಡೆಸುವ. ಹೊತ್ತಗೆ – ಪುಸ್ತಕ.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಕ್ಷುದ್ರಗ್ರಹಗಳ ಮುಖ್ಯ ಪಟ್ಟಿ ಎಲ್ಲಿದೆ?
2. 67ನೆಯ ಕ್ಷುದ್ರಗ್ರಹಕ್ಕೆ ‘ಏಷ್ಯಾ’ ಎಂಬ ಹೆಸರು ಏಕೆ ಬಂದಿತು?
3. ‘1988 ಡಿಕ್ಯೂ1’ ಎಂಬಲ್ಲಿ ‘ಡಿ’ ಅಕ್ಷರ ಏನನ್ನು ಸೂಚಿಸುತ್ತದೆ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಕಳೆದುಹೋದ ಸೀರೀಸ್ ಮತ್ತೆ ದೊರೆತುದು ಹೇಗೆ?
2. ಚಿಂತಾಮಣಿ ರಘುನಾಥಾಚಾರ್ಯರ ಕಾರ್ಯವನ್ನು ವಿವರಿಸಿರಿ.
3. ಮೊದಲು ಕಂಡ ಕ್ಷುದ್ರಗ್ರಹಗಳಿಗಿಂತ ರಾಮಾನುಜನ್‌ಗೆ ಮೊದಲು ಸಂಖ್ಯೆ ದೊರೆಯಲು ಕಾರಣವೇನು?

ಇ. ಸಂದರ್ಭದೊಡನೆ ವಿವರಿಸಿರಿ.
1. “ನಡೆ ಮೊದಲು, ಹೆಸರು ಆಮೇಲೆ.”
2. “ಆಗ ನೆರವಾದುದು ದೂರದರ್ಶಕವಲ್ಲ, ಗಣಿತ.”

ಈ. ನಿಮ್ಮ ಊರಿನ ಒಂದು ಕೆರೆ, ಬೆಟ್ಟ ಅಥವಾ ಬೀದಿಗೆ ಹೆಸರು ಬಂದ ಬಗೆಯನ್ನು ಹಿರಿಯರಿಂದ ಕೇಳಿ ತಿಳಿದು ಒಂದು ಪುಟದಷ್ಟು ಬರೆಯಿರಿ.